‘ನಾರ್ಮಲ್’ ಎಂದು ಬರೆಯುವ ಮುನ್ನ: ಆರೋಗ್ಯ ಇಲಾಖೆಗೊಂದು ಬಹಿರಂಗ ಪತ್ರ

ಕರ್ನಾಟಕ ಸರ್ಕಾರದ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಇಲಾಖೆಯ ಮಾನ್ಯ ಅಧಿಕಾರಿಗಳಿಗೆ,

ನಮಸ್ಕಾರ.

ನಮ್ಮ ಭಾವನವರ ತಪಾಸಣಾ ಚೀಟಿಯೊಂದು ನನ್ನ ಮೇಜಿನ ಮೇಲಿದೆ. ನೀಲಿ ಶಾಯಿಯಲ್ಲಿ 128/82 ಎಂದು ಬರೆದು, ಪಕ್ಕದಲ್ಲಿ ‘ನಾರ್ಮಲ್’ ಎಂದು ಸೇರಿಸಿ, ಅದರ ಅಡಿಗೆ ಗೆರೆ ಎಳೆದಿದ್ದಾರೆ. ಅಳತೆ ಸರಿಯಾಗಿಯೇ ಇತ್ತು. ಬರೆದವರು ಪ್ರಾಮಾಣಿಕವಾಗಿಯೇ ಬರೆದಿದ್ದರು. ಶಿಬಿರದಿಂದ ಮನೆಗೆ ಬಂದ ಭಾವನವರು ‘ಬಿಪಿ ಹೋಯಿತು’ ಎಂದು ಅಕ್ಕನಿಗೆ ಹೇಳಿದರು. ನಾಲ್ಕು ವರ್ಷದಿಂದ ನುಂಗುತ್ತಿದ್ದ ಮಾತ್ರೆಯನ್ನು ಮರುದಿನದಿಂದ ನಿಲ್ಲಿಸಿದರು. ಏಳು ತಿಂಗಳ ನಂತರ ಒಂದು ಬೆಳಿಗ್ಗೆ ಅಡಿಕೆ ತೋಟಕ್ಕೆ ಹೊರಟವರು ಅಂಗಳ ದಾಟಲಿಲ್ಲ. ಬಲಗೈ, ಬಲಗಾಲು ಸ್ವಾಧೀನ ತಪ್ಪಿದವು. ಮಾತು ಇಂದಿಗೂ ಪೂರ್ತಿ ತಿರುಗಿ ಬಂದಿಲ್ಲ.

ಯಾರ ಮೇಲೂ ದೂರು ಹೇಳಲು ಈ ಪತ್ರ ಬರೆಯುತ್ತಿಲ್ಲ. ನಾನು 31 ವರ್ಷ ಪದವಿಪೂರ್ವ ಕಾಲೇಜಿನಲ್ಲಿ ಜೀವವಿಜ್ಞಾನ ಕಲಿಸಿದವಳು. ದೇಹ ತನ್ನನ್ನು ತಾನು ಹೇಗೆ ಹದದಲ್ಲಿ ಇಟ್ಟುಕೊಳ್ಳುತ್ತದೆ ಎಂಬ ಪಾಠವನ್ನು ವರ್ಷವರ್ಷವೂ ಕಪ್ಪುಹಲಗೆಯ ಮೇಲೆ ಬಾಣದ ಗುರುತು ಹಾಕಿ ವಿವರಿಸಿದ್ದೇನೆ. ಆ ಪಾಠ ನನ್ನ ಸ್ವಂತ ಅಕ್ಕನ ಮನೆಯ ಹೊಸ್ತಿಲು ದಾಟಿರಲಿಲ್ಲ. ಅದು ನನ್ನನ್ನು ಇಂದಿಗೂ ಕೊರೆಯುತ್ತಿದೆ. ನಿಮ್ಮ ಇಲಾಖೆಯ ಚೀಟಿಗಳು ನಾಡಿನ ಪ್ರತಿಯೊಂದು ಹೊಸ್ತಿಲನ್ನೂ ದಾಟುತ್ತವೆ. ಆದ್ದರಿಂದ ನಿಮ್ಮನ್ನು ಕೇಳುತ್ತಿದ್ದೇನೆ: ಚೀಟಿಯ ಮೇಲೆ ಅಂಕಿ ಎಷ್ಟು ಎಂದು ಬರೆದರೆ ಸಾಲದು, ಆ ಅಂಕಿಯನ್ನು ಅಲ್ಲಿ ಹಿಡಿದು ನಿಲ್ಲಿಸಿರುವುದು ಯಾವುದು ಎಂದೂ ಬರೆಯಿರಿ.

ನಾನು ಚಿಕ್ಕವಳಿದ್ದಾಗ ನಮ್ಮೂರ ಕೆರೆಗೆ ನೀರಗಂಟಿ ಇದ್ದ. ಕೋಳಿ ಕೂಗುವ ಹೊತ್ತಿಗೆ ಎದ್ದು ಕಾಲುವೆಯ ಗುಂಟ ನಡೆದು, ಕಟ್ಟಕಡೆಯ ಗದ್ದೆಯಲ್ಲಿ ನೀರು ಎಷ್ಟು ನಿಂತಿದೆ ಎಂದು ನೋಡುತ್ತಿದ್ದ. ಕಡಿಮೆಯಿದ್ದರೆ ಹಿಂದಿರುಗಿ ಬಂದು ತೂಬನ್ನು ಇನ್ನಷ್ಟು ಎತ್ತುತ್ತಿದ್ದ, ಹೆಚ್ಚಿದ್ದರೆ ಇಳಿಸುತ್ತಿದ್ದ. ಸಂಜೆ ಮತ್ತೆ ಹೋಗಿ ನೋಡುತ್ತಿದ್ದ. ನೋಡುವುದು, ಬಂದು ತಿದ್ದುವುದು, ತಿದ್ದಿದ್ದು ಸರಿಹೋಯಿತೇ ಎಂದು ಮತ್ತೆ ನೋಡುವುದು. ಪುಸ್ತಕಗಳು ‘ಹಿಮ್ಮಾಹಿತಿ’ ಅಥವಾ ‘ಫೀಡ್‌ಬ್ಯಾಕ್’ ಎಂದು ಕರೆಯುವುದು ಇದನ್ನೇ. ರಸ್ತೆಯಲ್ಲಿ ಹೋಗುವವನಿಗೆ ಕಾಣುವುದು ಗದ್ದೆಯಲ್ಲಿ ಗೇಣುದ್ದ ನೀರು ಮಾತ್ರ. ಅದನ್ನು ಕಂಡು ‘ಎಲ್ಲ ಸರಿಯಾಗಿದೆ’ ಎಂದು ಅವನು ಮುಂದೆ ಸಾಗುತ್ತಾನೆ. ಆ ಗೇಣುದ್ದ ನೀರಿಗಾಗಿ ದಿನವಿಡೀ ಎಷ್ಟು ಸಲ ತೂಬಿಗೂ ಗದ್ದೆಗೂ ಒಬ್ಬ ಮನುಷ್ಯ ಓಡಾಡಿದ್ದಾನೆ ಎಂಬುದು ಅವನಿಗೆ ಗೊತ್ತಿಲ್ಲ.

ದೇಹದೊಳಗೆ ಇಂಥ ಕಾವಲು ಇದೆ ಎಂಬ ಅರಿವು ಬಹಳ ಹಳೆಯದೇನಲ್ಲ. ಫ್ರಾನ್ಸಿನ ಕ್ಲೋಡ್ ಬೆರ್ನಾರ್ 1850ರ ದಶಕದಲ್ಲಿ ಯಕೃತ್ತಿನ ಮೇಲೆ ಪ್ರಯೋಗ ಮಾಡುತ್ತಾ, ಆ ಅಂಗ ಸಕ್ಕರೆಯನ್ನು ಬೇರೊಂದು ರೂಪದಲ್ಲಿ ಕೂಡಿಟ್ಟುಕೊಂಡು ಬೇಕಾದಾಗ ರಕ್ತಕ್ಕೆ ಬಿಡುತ್ತದೆ ಎಂದು ಕಂಡುಕೊಂಡ. ನಮ್ಮ ಹಿರಿಯರು ಹಗೇವಿನಲ್ಲಿ ರಾಗಿ ತುಂಬಿ ಬರಗಾಲಕ್ಕೆ ತೆಗೆಯುತ್ತಿದ್ದ ಹಾಗೆ. ಜೀವಕೋಶಗಳು ಬದುಕುವುದು ಹೊರಗಿನ ಬಿಸಿಲು ಮಳೆಯಲ್ಲಲ್ಲ, ದೇಹದೊಳಗಿನ ದ್ರವದಲ್ಲಿ. ಆ ಒಳಪರಿಸರ ಸ್ಥಿರವಾಗಿ ಉಳಿದರೆ ಮಾತ್ರ ಪ್ರಾಣಿಗೆ ಸ್ವತಂತ್ರ ಬದುಕು ಸಾಧ್ಯ ಎಂಬ ನಿಲುವಿಗೆ ಅವನು ಬಂದ. ಮೊದಲ ಮಹಾಯುದ್ಧದಲ್ಲಿ ಗಾಯಗೊಂಡು ಆಘಾತಕ್ಕೀಡಾದ ಸೈನಿಕರನ್ನು ಹತ್ತಿರದಿಂದ ಕಂಡಿದ್ದ ಅಮೆರಿಕದ ವಾಲ್ಟರ್ ಕ್ಯಾನನ್ 1926ರಲ್ಲಿ ಈ ಸ್ಥಿರತೆಗೆ ‘ಹೋಮಿಯೊಸ್ಟಾಸಿಸ್’ ಎಂದು ಹೆಸರಿಟ್ಟ. ಆ ಹೆಸರನ್ನು ಅವನು ತೂಗಿ ನೋಡಿ ಆರಿಸಿದ್ದ. ‘ಹೋಮೊ’ ಎಂದರೆ ಒಂದೇ, ‘ಹೋಮಿಯೊ’ ಎಂದರೆ ಹೋಲುವಂಥದ್ದು. ಒಂದೇ ಅಂಕಿಯಲ್ಲಿ ಮೊಳೆ ಹೊಡೆದಂತೆ ನಿಲ್ಲುವುದಲ್ಲ, ಸುಮಾರು ಅಷ್ಟರ ಆಚೀಚೆ ತೂಗಾಡುತ್ತಾ ಮರಳುತ್ತಾ ಇರುವುದು. ವಿದ್ಯಾರ್ಥಿಗಳಿಗೆ ಈ ಒಂದು ಪದದ ಅರ್ಥ ಹೇಳಲು ನಾನು ಯಾವಾಗಲೂ ಒಂದು ಇಡೀ ತರಗತಿ ತೆಗೆದುಕೊಳ್ಳುತ್ತಿದ್ದೆ. ಅದಕ್ಕಾಗಿ ಪಶ್ಚಾತ್ತಾಪವಿಲ್ಲ.

ಆಮೇಲೆ ಎಂಜಿನಿಯರುಗಳ ಭಾಷೆ ಬಂತು. ಕ್ಯಾನನ್ ಜೊತೆ ಕೆಲಸ ಮಾಡಿದ್ದ ಮೆಕ್ಸಿಕೊದ ಆರ್ತುರೊ ರೋಸೆನ್‌ಬ್ಲೂತ್ ಮತ್ತು ಗಣಿತಜ್ಞ ನಾರ್ಬರ್ಟ್ ವೀನರ್ ಒಡನಾಡಿಗಳಾದರು. ಪ್ರಾಣಿಯೂ ಯಂತ್ರವೂ ತಮ್ಮ ತಪ್ಪನ್ನು ತಾವೇ ಅಳೆದು ತಿದ್ದಿಕೊಳ್ಳುವ ಬಗೆ ಒಂದೇ ಎಂದು ಹೇಳಿದ ವೀನರ್, 1948ರಲ್ಲಿ ಆ ವಿದ್ಯೆಗೆ ಚುಕ್ಕಾಣಿ ಹಿಡಿಯುವವನ ಗ್ರೀಕ್ ಹೆಸರಿನಿಂದ ‘ಸೈಬರ್ನೆಟಿಕ್ಸ್’ ಎಂದು ಕರೆದ. ಅಂದಿನಿಂದ ಪಾಠಪುಸ್ತಕಗಳಲ್ಲಿ ದೇಹದ ಉಷ್ಣತೆಗೆ, ಕೋಣೆಯ ಬಿಸಿಯನ್ನು ಗೊತ್ತುಮಾಡಿದ ಮಟ್ಟದಲ್ಲಿ ಇಡುವ ಥರ್ಮೋಸ್ಟಾಟ್ ಯಂತ್ರದ ಹೋಲಿಕೆ ಬೇರೂರಿತು. ಈ ಹೋಲಿಕೆ ಬಹಳ ದೂರ ನಮ್ಮ ಕೈ ಹಿಡಿದು ನಡೆಸುತ್ತದೆ. ಆದರೆ ಒಂದು ಕಡೆ ದಾರಿ ತಪ್ಪಿಸುತ್ತದೆ. ಯಂತ್ರದಲ್ಲಿ ಗುರಿಯ ಅಂಕಿಯನ್ನು ಮನೆಯ ಯಜಮಾನ ಒಮ್ಮೆ ತಿರುಗಿಸಿ ಇಟ್ಟರೆ ಅದು ಅಲ್ಲೇ ಇರುತ್ತದೆ. ದೇಹದಲ್ಲಿ ಗುರಿಯೇ ಸರಿಯುತ್ತದೆ. ನಮ್ಮ ಭಾವನವರ ಕಥೆ ಇರುವುದು ಇಲ್ಲಿಯೇ.

ಕುತ್ತಿಗೆಯ ಎರಡೂ ಬದಿಯ ದೊಡ್ಡ ರಕ್ತನಾಳದಲ್ಲಿ, ಹೃದಯದಿಂದ ಹೊರಡುವ ಮಹಾಧಮನಿಯ ಬಾಗಿನಲ್ಲಿ, ಒತ್ತಡವನ್ನು ಅಳೆಯುವ ನರತುದಿಗಳಿವೆ. ಮಲಗಿದ್ದವರು ಎದ್ದು ನಿಂತರೆ ಅರ್ಧ ಲೀಟರಿಗೂ ಹೆಚ್ಚು ರಕ್ತ ಕಾಲು, ಹೊಟ್ಟೆಯ ಕಡೆಗೆ ಜಾರುತ್ತದೆ. ಈ ನರತುದಿಗಳು ಕೂಡಲೇ ಸುದ್ದಿ ಕಳುಹಿಸುತ್ತವೆ, ಹೃದಯ ವೇಗ ಹೆಚ್ಚಿಸುತ್ತದೆ, ನಾಳಗಳು ಬಿಗಿಯುತ್ತವೆ. ಕೆಲವೇ ಕ್ಷಣಗಳ ಕೆಲಸ. ಈ ಕಾವಲು ಇಲ್ಲದಿದ್ದರೆ ನಾವು ಬೆಳಿಗ್ಗೆ ಹಾಸಿಗೆಯಿಂದ ಎದ್ದು ನಿಲ್ಲಲೂ ಆಗುತ್ತಿರಲಿಲ್ಲ. ಆದರೆ ಒತ್ತಡ ತಿಂಗಳುಗಟ್ಟಲೆ, ವರ್ಷಗಟ್ಟಲೆ ಏರಿಯೇ ಇದ್ದರೆ ಇದೇ ಕಾವಲುಗಾರ ಆ ಏರಿದ ಮಟ್ಟಕ್ಕೆ ಒಗ್ಗಿಕೊಳ್ಳುತ್ತಾನೆ. 160 ಅನ್ನೇ ಸಹಜವೆಂದು ಬಗೆದು, ಅಲ್ಲಿಂದ ಇಳಿದರೆ ಮೇಲಕ್ಕೆ ತಳ್ಳುತ್ತಾನೆ. ಉಪ್ಪನ್ನೂ ನೀರನ್ನೂ ಹೊರಹಾಕುವ ಮೂತ್ರಪಿಂಡಗಳೂ ಹೆಚ್ಚಿನ ಒತ್ತಡದಲ್ಲಿ ಮಾತ್ರ ತಮ್ಮ ಲೆಕ್ಕ ಸರಿದೂಗಿಸುವ ಸ್ಥಿತಿಗೆ ಬರುತ್ತವೆ. ದೀರ್ಘಕಾಲದ ರಕ್ತದೊತ್ತಡದಲ್ಲಿ ಕೊನೆಯ ಮಾತು ಮೂತ್ರಪಿಂಡದ್ದೇ ಎಂದು ತೋರಿಸಿದವರು ಅಮೆರಿಕದ ಆರ್ಥರ್ ಗೈಟನ್. 1972ರಲ್ಲಿ ಅವರೂ ಅವರ ಸಹೋದ್ಯೋಗಿಗಳೂ ರಕ್ತಪರಿಚಲನೆಯ ಎಲ್ಲ ಹಿಮ್ಮಾಹಿತಿ ಸುತ್ತುಗಳನ್ನು ನೂರಾರು ಸಮೀಕರಣಗಳಲ್ಲಿ ಹೆಣೆದ ಚಿತ್ರವೊಂದನ್ನು ಪ್ರಕಟಿಸಿದರು. ಅದನ್ನು ನೋಡಿದರೆ ಜೇಡರ ಬಲೆ ನೋಡಿದ ಹಾಗಾಗುತ್ತದೆ. ಒಂದು ಎಳೆ ಎಳೆದರೆ ಅಲುಗದ ಎಳೆಯೇ ಅದರಲ್ಲಿಲ್ಲ.

‘ನನಗೆ ಏನೂ ಆಗುತ್ತಿಲ್ಲ, ಚೆನ್ನಾಗಿಯೇ ಇದ್ದೇನೆ’ ಎಂದು ಅಧಿಕ ರಕ್ತದೊತ್ತಡದವರು ಹೇಳುವುದು ಇದೇ ಕಾರಣಕ್ಕೆ. ಅವರು ಸುಳ್ಳು ಹೇಳುತ್ತಿಲ್ಲ. ಅವರ ಕಾವಲುಗಾರ ದೂರು ಕೊಡುವುದನ್ನು ನಿಲ್ಲಿಸಿದ್ದಾನೆ. ಇಂಥವರಿಗೆ ದಿನಕ್ಕೊಂದು ಮಾತ್ರೆ ಕೊಟ್ಟಾಗ ಆ ಮಾತ್ರೆಯೇ ಸುತ್ತಿನೊಳಗೆ ಸೇರಿಕೊಂಡು ಒತ್ತಡವನ್ನು ಕೆಳಗೆ ಹಿಡಿದಿಡುತ್ತದೆ. ಅಂಕಿ 128ಕ್ಕೆ ಬರುತ್ತದೆ. ಆ 128 ಭಾವನವರ ದೇಹದ 128 ಆಗಿರಲಿಲ್ಲ, ದೇಹ ಮತ್ತು ಮಾತ್ರೆ ಎರಡೂ ಸೇರಿ ನಿಲ್ಲಿಸಿದ 128. ತೂಬಿಗೆ ಆತುಕೊಂಡು ಒಬ್ಬ ಆಳು ನಿಂತಿರುವುದನ್ನು ನೋಡದೆ ‘ತೂಬು ಗಟ್ಟಿಯಾಗಿದೆ, ನೀನು ಮನೆಗೆ ಹೋಗು’ ಎಂದು ಅವನನ್ನೇ ಕಳುಹಿಸಿದಂತೆ ಆಯಿತು. ಮಾತ್ರೆ ನಿಂತ ಮೇಲೆ ಕೆಲವೇ ದಿನಗಳಲ್ಲಿ ಒತ್ತಡ ತನ್ನ ಹಳೆಯ ಗುರಿಗೆ ಮರಳಿತು. ಸದ್ದಿಲ್ಲದೆ ಮರಳಿತು.

‘ನಾರ್ಮಲ್’ ಎಂಬ ಪದಕ್ಕೆ ನಮ್ಮ ಜನ ಕೊಡುವ ಅರ್ಥ ‘ರೋಗವಿಲ್ಲ’ ಎಂದು. ವೈದ್ಯರು ಕೊಡುವ ಅರ್ಥ ‘ಈ ಹೊತ್ತಿಗೆ ಮಿತಿಯೊಳಗಿದೆ’ ಎಂದು. ಒಂದೇ ಪದ, ಎರಡು ಅರ್ಥ, ನಡುವೆ ಒಬ್ಬ ಮನುಷ್ಯನ ಬಲಗೈ ಬಲಗಾಲು.

ಮಾನ್ಯರೇ, ಮಾತ್ರೆ ಇಲ್ಲದೆಯೂ ಅಂಕಿ ಮೋಸ ಮಾಡುತ್ತದೆ. ಸಕ್ಕರೆ ಕಾಯಿಲೆಯನ್ನೇ ನೋಡಿ. ಊಟವಾದ ಮೇಲೆ ರಕ್ತದಲ್ಲಿ ಸಕ್ಕರೆ ಏರುತ್ತದೆ, ಮೇದೋಜೀರಕ ಗ್ರಂಥಿಯ ಬೀಟಾ ಕೋಶಗಳು ಅದನ್ನು ತಾವೇ ಅಳೆದು ಇನ್ಸುಲಿನ್ ಬಿಡುತ್ತವೆ, ಸಕ್ಕರೆ ಸ್ನಾಯುಗಳಿಗೂ ಯಕೃತ್ತಿನ ಹಗೇವಿಗೂ ಇಳಿಯುತ್ತದೆ. ಸ್ನಾಯುಗಳು ಇನ್ಸುಲಿನ್ನಿನ ಮಾತು ಕೇಳುವುದು ಕಡಿಮೆಯಾದಾಗ ಬೀಟಾ ಕೋಶಗಳು ಸುಮ್ಮನಿರುವುದಿಲ್ಲ. ಎರಡು ಪಟ್ಟು, ಮೂರು ಪಟ್ಟು ದುಡಿಯುತ್ತವೆ. ಹಾಗೆ ದುಡಿಯುವಷ್ಟು ಕಾಲ ಬೆಳಗಿನ ಖಾಲಿ ಹೊಟ್ಟೆಯ ಸಕ್ಕರೆ ‘ನಾರ್ಮಲ್’ ಆಗಿಯೇ ಇರುತ್ತದೆ. ಲಂಡನ್ನಿನ ಸರ್ಕಾರಿ ನೌಕರರಲ್ಲಿ ಆರು ಸಾವಿರಕ್ಕೂ ಹೆಚ್ಚು ಜನರನ್ನು ವರ್ಷಗಟ್ಟಲೆ ಹಿಂಬಾಲಿಸಿದ ಅಧ್ಯಯನವೊಂದು 2009ರಲ್ಲಿ ಪ್ರಕಟವಾಯಿತು. ಮಧುಮೇಹ ಪತ್ತೆಯಾಗುವುದಕ್ಕೆ ಮೂರು ನಾಲ್ಕು ವರ್ಷ ಮುಂಚೆ ಬೀಟಾ ಕೋಶಗಳ ದುಡಿಮೆ ಏರಿ, ಆಮೇಲೆ ಕುಸಿದದ್ದು ಅದರಲ್ಲಿ ಕಂಡುಬಂತು. ಸಕ್ಕರೆ ಕಡಿದಾಗಿ ಏರಿದ್ದು ಆ ಕುಸಿತದ ಜೊತೆಗೇ. ನಮ್ಮ ಯಂತ್ರ 126 ದಾಟಿದ ದಿನ ‘ಶುಗರ್ ಬಂತು’ ಎನ್ನುತ್ತೇವೆ. ಬಂದದ್ದು ಅಂದಲ್ಲ. ನೀರಗಂಟಿ ವರ್ಷಗಳಿಂದ ನಿದ್ದೆಗೆಟ್ಟು ಓಡಾಡಿ, ಅಂದು ಕುಸಿದು ಕುಳಿತ. 180ರ ಸುಮಾರಿಗೆ ಮೂತ್ರಪಿಂಡ ಸಕ್ಕರೆಯನ್ನು ತಡೆದಿಟ್ಟುಕೊಳ್ಳಲಾರದೆ ಹೊರಬಿಡುತ್ತದೆ, ಕೆರೆ ಕೋಡಿ ಬಿದ್ದ ಹಾಗೆ. ಮೂತ್ರಕ್ಕೆ ಇರುವೆ ಮುತ್ತಿದ್ದನ್ನು ನೋಡಿ ಕಾಯಿಲೆ ಗುರುತಿಸುತ್ತಿದ್ದ ಹಿಂದಿನವರಿಗೆ ಕಾಣುತ್ತಿದ್ದುದು ಕೋಡಿ ಮಾತ್ರ. ನಮಗೆ ಅದಕ್ಕಿಂತ ಬಹಳ ಮುಂಚೆ ನೋಡುವ ಸಾಧನಗಳಿವೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದ ರಾಷ್ಟ್ರವ್ಯಾಪಿ ಸಮೀಕ್ಷೆ 2023ರಲ್ಲಿ ಹೊರಬಂದಾಗ ದೇಶದಲ್ಲಿ 10.1 ಕೋಟಿ ಜನರಿಗೆ ಮಧುಮೇಹ, 13.6 ಕೋಟಿ ಜನರಿಗೆ ಅದರ ಹಿಂದಿನ ಹಂತ ಎಂಬ ಅಂದಾಜು ಬಂತು. ಪತ್ರಿಕೆಗಳು ಮೊದಲ ಅಂಕಿಯನ್ನು ದೊಡ್ಡ ಅಕ್ಷರದಲ್ಲಿ ಹಾಕಿದವು. ನನಗೆ ಎರಡನೆಯದೇ ದೊಡ್ಡದಾಗಿ ಕಂಡಿತು. ಆ 13.6 ಕೋಟಿ ಜನರ ದೇಹದಲ್ಲಿ ನೀರಗಂಟಿ ಇನ್ನೂ ನಡೆದಾಡುತ್ತಿದ್ದಾನೆ. ಅವರ ಚೀಟಿಗಳಲ್ಲಿ ‘ಗಡಿಯಲ್ಲಿದೆ, ಸಿಹಿ ಕಡಿಮೆ ಮಾಡಿ’ ಎಂಬ ಒಂದು ಸಾಲು ಬರೆದು ಕಳುಹಿಸುತ್ತೇವೆ.

ನಮ್ಮ ಆಡುಮಾತಿನಲ್ಲಿ ಒಂದು ವಿಚಿತ್ರ ಬೆಳೆದಿದೆ. ‘ಅವರಿಗೆ ಬಿಪಿ ಇದೆ’, ‘ಇವಳಿಗೆ ಥೈರಾಯ್ಡ್ ಇದೆ’ ಎನ್ನುತ್ತೇವೆ. ರಕ್ತದೊತ್ತಡ ಇಲ್ಲದ ಜೀವಂತ ಮನುಷ್ಯನಿಲ್ಲ, ಥೈರಾಯ್ಡ್ ಗ್ರಂಥಿ ಹುಟ್ಟಿನಿಂದಲೇ ಇರುವಂಥದ್ದು. ಕಾಯುವ ಅಂಗದ ಹೆಸರೇ ಕಾಯಿಲೆಯ ಹೆಸರಾಗಿ ಕುಳಿತಿದೆ. ಇದು ಬರೀ ಪದದ ವಿಷಯವಲ್ಲ. ಪ್ರಯೋಗಾಲಯದ ವರದಿಯಲ್ಲಿ ಟಿಎಸ್‌ಎಚ್ ಹೆಚ್ಚು ಎಂದು ನೋಡಿ ‘ಥೈರಾಯ್ಡ್ ಜಾಸ್ತಿಯಾಗಿದೆ’ ಎಂದು ತಿಳಿದು, ಮಾತ್ರೆ ತಿಂದರೆ ಇನ್ನೂ ಜಾಸ್ತಿಯಾದೀತು ಎಂದು ಹೆದರಿ ಬಿಟ್ಟ ಹೆಣ್ಣುಮಕ್ಕಳನ್ನು ನಾನು ಕಂಡಿದ್ದೇನೆ. ಟಿಎಸ್‌ಎಚ್ ಎಂಬುದು ಥೈರಾಯ್ಡಿನ ಹಾರ್ಮೋನು ಅಲ್ಲ, ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿ ಥೈರಾಯ್ಡಿಗೆ ಹಾಕುವ ಕೂಗು. ಥೈರಾಯ್ಡ್ ಕಡಿಮೆ ಕೆಲಸ ಮಾಡಿದಷ್ಟೂ ಕೂಗು ಜೋರಾಗುತ್ತದೆ. ಸಾಮಾನ್ಯವಾಗಿ ಆ ಅಂಕಿ ಏರಿದೆ ಎಂದರೆ ಹಾರ್ಮೋನು ಸಾಲುತ್ತಿಲ್ಲ ಎಂದೇ ಅರ್ಥ. ಸುತ್ತನ್ನು ಬಿಡಿಸಿ ಹೇಳದೆ ಅಂಕಿಯನ್ನಷ್ಟೇ ಕೈಗಿತ್ತರೆ ಜನ ಅದನ್ನು ತಲೆಕೆಳಗಾಗಿ ಓದುವುದು ಸಹಜ.

ಈ ಗ್ರಂಥಿಯ ಹಿಂದೆಯೇ ನಮ್ಮ ದೇಶದ ಸಾರ್ವಜನಿಕ ಆರೋಗ್ಯದ ಅತ್ಯಂತ ಗೌರವದ ಅಧ್ಯಾಯವೊಂದಿದೆ. ಹಿಮಾಚಲದ ಕಾಂಗ್ರಾ ಕಣಿವೆಯಲ್ಲಿ ಊರಿಗೆ ಊರೇ ಗಳಗಂಡ ಹೊತ್ತು ತಿರುಗುತ್ತಿತ್ತು. ಆಹಾರದಲ್ಲಿ ಅಯೋಡಿನ್ ಸಾಲದಿದ್ದಾಗ ಹಾರ್ಮೋನು ತಯಾರಾಗುವುದಿಲ್ಲ, ಪಿಟ್ಯುಟರಿಯ ಕೂಗು ಹೆಚ್ಚುತ್ತದೆ, ಇರುವ ಚೂರುಪಾರು ಅಯೋಡಿನ್ನನ್ನೆಲ್ಲ ಬಾಚಿಕೊಳ್ಳಲು ಗ್ರಂಥಿ ಉಬ್ಬುತ್ತದೆ. ಕುತ್ತಿಗೆಯ ಆ ಗಂಟು ದೇಹ ಮಾಡಿದ ತಪ್ಪಲ್ಲ, ಕೊರತೆಗೆ ದೇಹ ಕೊಟ್ಟ ಉತ್ತರ. ವೈದ್ಯವಿಜ್ಞಾನಿ ವಿ. ರಾಮಲಿಂಗಸ್ವಾಮಿ ಮತ್ತು ಸಂಗಡಿಗರು 1956ರಿಂದ ಆ ಕಣಿವೆಯನ್ನು ವಲಯಗಳಾಗಿ ವಿಂಗಡಿಸಿ, ಕೆಲವು ಕಡೆ ಅಯೋಡಿನ್ ಬೆರೆಸಿದ ಉಪ್ಪು, ಒಂದು ಕಡೆ ಬರೀ ಉಪ್ಪು ಹಂಚಿದರು. ಅಯೋಡಿನ್ ಉಪ್ಪು ತಿಂದ ಊರುಗಳಲ್ಲಿ ಗಳಗಂಡ ಇಳಿಯುತ್ತಾ ಹೋಯಿತು. 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಶುರುವಾಯಿತು. ಅವರು ಒಬ್ಬೊಬ್ಬರ ಕುತ್ತಿಗೆಗೂ ಕತ್ತರಿ ಹಿಡಿಯಲಿಲ್ಲ, ಯಾರಿಗೂ ‘ನಿಮ್ಮ ಜೀವನಶೈಲಿ ಸರಿಯಿಲ್ಲ’ ಎಂದು ಬುದ್ಧಿ ಹೇಳಲಿಲ್ಲ. ದೇಹ ಯಾವುದರ ವಿರುದ್ಧ ಸೆಣಸುತ್ತಿದೆ ಎಂದು ಕೇಳಿದರು. ಉತ್ತರ ಮಣ್ಣಿನಲ್ಲಿತ್ತು. ಅದನ್ನು ಉಪ್ಪಿನಲ್ಲಿ ಸರಿಪಡಿಸಿದರು.

ಇಂದಿನ ಬಿಪಿ, ಶುಗರ್ ತಪಾಸಣೆಗಳಲ್ಲಿ ಆ ಪ್ರಶ್ನೆ ಕೇಳುತ್ತಿದ್ದೇವೆಯೇ? ಶೌಚಕ್ಕೆ ಬಿಡುವು ಸಿಗುವುದಿಲ್ಲವೆಂದು ದಿನವಿಡೀ ನೀರು ಕುಡಿಯದೆ ಹೊಲಿಗೆ ಯಂತ್ರದ ಮುಂದೆ ಕೂರುವ ಹೆಣ್ಣುಮಗಳ ಮೂತ್ರಪಿಂಡ ಹನಿಹನಿಯನ್ನೂ ಹಿಡಿದಿಟ್ಟುಕೊಳ್ಳಲು ಹೆಣಗುತ್ತದೆ. ರಾತ್ರಿ ಪಾಳಿಯ ಕಾವಲುಗಾರನ ದೇಹ ಮಲಗುವ ಹೊತ್ತಿನಲ್ಲಿ ಎದ್ದಿರಲು, ಏಳುವ ಹೊತ್ತಿನಲ್ಲಿ ಮಲಗಲು ತನ್ನ ಎಲ್ಲ ಗಡಿಯಾರಗಳ ಜೊತೆ ಜಗಳವಾಡುತ್ತದೆ. ಇವರಿಬ್ಬರ ಅಂಕಿಯೂ ಹತ್ತು ವರ್ಷ ‘ನಾರ್ಮಲ್’ ಇರಬಹುದು. ಅಮೆರಿಕದ ಸಂಶೋಧಕರಾದ ಪೀಟರ್ ಸ್ಟರ್ಲಿಂಗ್ ಮತ್ತು ಜೋಸೆಫ್ ಐಯರ್ 1988ರಲ್ಲಿ ‘ಅಲೊಸ್ಟಾಸಿಸ್’ ಎಂಬ ಪದವನ್ನು ಮುಂದಿಟ್ಟಾಗ ಹೇಳಿದ್ದು ಇದನ್ನೇ: ದೇಹ ತಪ್ಪಾದ ಮೇಲೆ ತಿದ್ದಿಕೊಳ್ಳುವುದಷ್ಟೇ ಅಲ್ಲ, ಬರಲಿರುವ ಹೊರೆಯನ್ನು ಮುಂಗಂಡು ತನ್ನ ಗುರಿಯನ್ನೇ ಬದಲಿಸಿಕೊಳ್ಳುತ್ತದೆ. ಸದಾ ಆತಂಕದಲ್ಲಿ ಬದುಕುವವನ ರಕ್ತದೊತ್ತಡ ಏರಿರುವುದು ಯಂತ್ರ ಕೆಟ್ಟದ್ದಕ್ಕಲ್ಲ, ಅವನ ಬದುಕು ಕೇಳುತ್ತಿರುವುದೇ ಆ ಒತ್ತಡವನ್ನು. ಐದು ವರ್ಷದ ಬಳಿಕ ನರವಿಜ್ಞಾನಿ ಬ್ರೂಸ್ ಮೆಕ್‌ಈವನ್ ಈ ಹೊಂದಾಣಿಕೆಗೆ ದೇಹ ತೆರುವ ಬೆಲೆಯನ್ನು, ಆ ಸವೆತವನ್ನು ಅಳೆಯುವ ದಾರಿ ಹುಡುಕಿದರು. ನೊಗ ಹೊತ್ತ ಎತ್ತಿನ ಹೆಗಲು ದಡ್ಡುಗಟ್ಟುತ್ತದೆ. ಆ ದಡ್ಡು ಎತ್ತಿನ ಕಾಯಿಲೆಯಲ್ಲ.

ಗುರಿ ಸರಿಯುವುದು ದುಡಿಮೆಗೆ ಇಳಿದ ಮೇಲೆ ಮಾತ್ರವೂ ಅಲ್ಲ. ಇದಕ್ಕೆ ಸಾಕ್ಷಿ ನಮ್ಮ ಮೈಸೂರಿನಲ್ಲೇ ಇದೆ. ಅಲ್ಲಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದಲೇ ಹುಟ್ಟಿದ ಪ್ರತಿ ಮಗುವಿನ ತೂಕ, ಉದ್ದ, ತಲೆಯ ಸುತ್ತಳತೆಯನ್ನು ಬರೆದಿಡುತ್ತಿದ್ದರು. ಯಾರೋ ದಾದಿಯರು, ಸೂಲಗಿತ್ತಿಯರು, ಯಾವ ಸಂಶೋಧನೆಯ ಆಸೆಯೂ ಇಲ್ಲದೆ ಶ್ರದ್ಧೆಯಿಂದ ಬರೆದ ದಪ್ಪ ದಪ್ಪ ಪುಸ್ತಕಗಳು. ಅವುಗಳನ್ನು ನೆನೆದಾಗಲೆಲ್ಲ ನನಗೆ ಕೈ ಮುಗಿಯಬೇಕೆನಿಸುತ್ತದೆ. 1934ರಿಂದ 1954ರ ನಡುವೆ ಅಲ್ಲಿ ಹುಟ್ಟಿ, ಮೈಸೂರಿನಲ್ಲೇ ಬದುಕುತ್ತಿದ್ದ 517 ಜನರನ್ನು ಹುಡುಕಿ ಪರೀಕ್ಷಿಸಿದ ಫಲಿತಾಂಶ 1996ರಲ್ಲಿ ಪ್ರಕಟವಾಯಿತು. ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ 11 ಶೇಕಡಾ ಮಂದಿಗೆ ಹೃದಯದ ರಕ್ತನಾಳದ ಕಾಯಿಲೆ ಇತ್ತು. ಮೂರು ಕಿಲೋಗಿಂತ ಹೆಚ್ಚು ತೂಗಿದವರಲ್ಲಿ ಅದು 3 ಶೇಕಡಾ. ಬಸಿರಿನಲ್ಲಿದ್ದಾಗ ಸಿಕ್ಕ ಅನ್ನಕ್ಕೆ ತಕ್ಕಂತೆ ದೇಹ ತನ್ನ ಅಳತೆಗಳನ್ನು ಹೊಂದಿಸಿಕೊಂಡು ಹುಟ್ಟುತ್ತದೆ ಎಂದು ಅರ್ಥಮಾಡಿಕೊಳ್ಳಲು ಇಂಥ ಅಧ್ಯಯನಗಳು ನೆರವಾದವು. ಐವತ್ತು ವರ್ಷದ ರೋಗಿಗೆ ‘ನಿನ್ನ ತಪ್ಪು’ ಎನ್ನುವ ಮೊದಲು, ಅವನ ತಾಯಿ ಬಸುರಿಯಾಗಿದ್ದಾಗ ಏನು ಉಂಡಿದ್ದಳು ಎಂದು ಕೇಳಬೇಕಾಗುತ್ತದೆ. 2017ರಲ್ಲಿ ಶುರುವಾದ ಮಾತೃಪೂರ್ಣ ಯೋಜನೆಯಲ್ಲಿ ಅಂಗನವಾಡಿಯಲ್ಲಿ ಬಸುರಿ, ಬಾಣಂತಿಯರಿಗೆ ಬಡಿಸುವ ಬಿಸಿಯೂಟವನ್ನು ನಾನು ಹೃದ್ರೋಗ ತಡೆಯ ಕಾರ್ಯಕ್ರಮವೆಂದೇ ನೋಡುತ್ತೇನೆ. ಬೇರೆ ಇಲಾಖೆಯದೆಂದು ನೀವು ಅದನ್ನು ದೂರ ಇಡಬಾರದು.

ಈ ಮಾತುಗಳನ್ನು ತಿರುಚಿ ಬಳಸುವವರೂ ಇದ್ದಾರೆ ಎಂದು ನನಗೆ ಗೊತ್ತು. ‘ದೇಹ ತನ್ನನ್ನು ತಾನೇ ಸರಿಪಡಿಸಿಕೊಳ್ಳುತ್ತದೆ, ಇನ್ಸುಲಿನ್ ಬಿಡಿ, ನಮ್ಮ ಕಷಾಯ ಕುಡಿಯಿರಿ’ ಎಂಬ ವಿಡಿಯೊಗಳು ದಿನಕ್ಕೆ ನಾಲ್ಕು ನನ್ನ ಮೊಬೈಲಿಗೆ ಬರುತ್ತವೆ. ಕಟುವಾಗಿಯೇ ಹೇಳುತ್ತೇನೆ: ಅದು ಕೊಲ್ಲುವ ಸಲಹೆ. ಟೈಪ್ 1 ಮಧುಮೇಹದ ಮಗುವಿನಲ್ಲಿ ಅಳೆಯಬೇಕಾದ, ತಿದ್ದಬೇಕಾದ ಬೀಟಾ ಕೋಶಗಳೇ ನಾಶವಾಗಿರುತ್ತವೆ. ಊರಿನಲ್ಲಿ ನೀರಗಂಟಿಯೇ ಇಲ್ಲದ ಮೇಲೆ ಅವನನ್ನು ನಂಬಿ ಕೂರುವುದು ಹೇಗೆ? 1921ರಲ್ಲಿ ಟೊರಾಂಟೊದಲ್ಲಿ ಇನ್ಸುಲಿನ್ ಬೇರ್ಪಡಿಸುವವರೆಗೆ ಅಂಥ ಮಕ್ಕಳು ಉಳಿಯುತ್ತಿರಲಿಲ್ಲ. ‘ಸಮದೋಷಃ ಸಮಾಗ್ನಿಶ್ಚ’ ಎಂದು ಸ್ವಸ್ಥನನ್ನು ವರ್ಣಿಸಿದ ಸುಶ್ರುತನ ಮಾತು ನಮ್ಮ ಜನರ ಮನಸ್ಸಿನಲ್ಲಿದೆ, ಆರೋಗ್ಯವೆಂದರೆ ಹದ ಎಂಬ ತಿಳಿವಳಿಕೆಯನ್ನು ನಮಗೆ ಯಾರೂ ಹೊರಗಿನಿಂದ ತಂದುಕೊಡಬೇಕಿಲ್ಲ. ಆದರೆ ಹದ ಬೇಕು ಎನ್ನುವುದು ಬೇರೆ, ಹದವನ್ನು ಯಾವ ಅಂಗ ಹೇಗೆ ಅಳೆದು ಯಾವ ದಾರಿಯಲ್ಲಿ ತಿದ್ದುತ್ತದೆ ಎಂದು ತಿಳಿಯುವುದು ಬೇರೆ. ಎರಡನೆಯದು ಗೊತ್ತಿದ್ದರೆ ಮಾತ್ರ ಯಾವಾಗ ದೇಹವನ್ನು ನಂಬಬೇಕು, ಯಾವಾಗ ನಂಬಬಾರದು ಎಂಬುದು ತಿಳಿಯುತ್ತದೆ.

ಒಂದು ಉದಾಹರಣೆ ಹೇಳಿ ಮುಂದೆ ಹೋಗುತ್ತೇನೆ, ಬೇಸಿಗೆ ಪ್ರಕಟಣೆಗಳಿಗೆ ಉಪಯೋಗವಾದೀತು. ಸೋಂಕಿನ ಜ್ವರದಲ್ಲಿ ಮಿದುಳು ತಾನೇ ಉಷ್ಣತೆಯ ಗುರಿಯನ್ನು ಮೇಲೆತ್ತುತ್ತದೆ. ಅದಕ್ಕೇ ಮೈ ಸುಡುತ್ತಿದ್ದರೂ ಚಳಿಯೆಂದು ನಡುಗುತ್ತೇವೆ, ಪ್ಯಾರಾಸಿಟಮಾಲ್ ಆ ಗುರಿಯನ್ನು ಕೆಳಗಿಳಿಸುತ್ತದೆ. ರಾಯಚೂರು, ಕಲಬುರಗಿಯ ಮೇ ತಿಂಗಳ ಬಿಸಿಲಿನಲ್ಲಿ ಹೊಲದಲ್ಲಿ ಕುಸಿದವನ ಮೈಯೂ ಅಷ್ಟೇ ಸುಡುತ್ತದೆ. ಆದರೆ ಅವನ ಗುರಿ ಏರಿಲ್ಲ, ತಂಪಾಗಿಸುವ ಶಕ್ತಿಯೇ ಸೋತಿದೆ. ಅವನಿಗೆ ಪ್ಯಾರಾಸಿಟಮಾಲ್ ಕೊಟ್ಟು ಕಾಯುವುದೆಂದರೆ ಹೊತ್ತು ಕಳೆಯುವುದು. ನೆರಳಿಗೆ ಎಳೆದು, ಮೈಮೇಲೆ ನೀರು ಸುರಿದು, ಗಾಳಿ ಬೀಸಿ, ಕೂಡಲೇ ಆಸ್ಪತ್ರೆಗೆ ಸಾಗಿಸಬೇಕು. ಥರ್ಮಾಮೀಟರಿನಲ್ಲಿ ಇಬ್ಬರ ಅಂಕಿಯೂ ಒಂದೇ.

ಈಗ ನನ್ನ ಬೇಡಿಕೆ. 30 ವರ್ಷ ದಾಟಿದವರಿಗೆಲ್ಲ ತಪಾಸಣೆ ನಡೆಸುವ ಕಾರ್ಯಕ್ರಮ ಒಳ್ಳೆಯದು, ಬಿಸಿಲಲ್ಲಿ ಮನೆಮನೆ ಸುತ್ತುವ ಆಶಾ ಕಾರ್ಯಕರ್ತೆಯರ ಶ್ರಮಕ್ಕೆ ನಾನು ಋಣಿ. ಅವರ ಮೇಲೆ ಹೊಸ ಹೊರೆ ಹೊರಿಸಲು ಕೇಳುತ್ತಿಲ್ಲ. ಚೀಟಿಯಲ್ಲಿ ‘ನಾರ್ಮಲ್’ ಎಂಬ ಒಂಟಿ ಪದವನ್ನು ತೆಗೆದುಹಾಕಿ. ಅದರ ಬದಲು ‘ಮಾತ್ರೆ ಇಲ್ಲದೆ ಮಿತಿಯಲ್ಲಿದೆ’, ‘ಮಾತ್ರೆಯ ಆಧಾರದಲ್ಲಿ ಮಿತಿಯಲ್ಲಿದೆ, ನಿಲ್ಲಿಸಬೇಡಿ’ ಎಂಬ ಎರಡು ಚೌಕಗಳನ್ನು ಅಚ್ಚು ಹಾಕಿಸಿ, ಒಂದಕ್ಕೆ ಗುರುತು ಹಾಕಿದರೆ ಸಾಕು. ಒಂದೇ ಚೀಟಿಯಲ್ಲಿ ಹಿಂದಿನ ಅಳತೆಗಳೂ ಕಾಣುವಂತಿರಲಿ, ಏಕೆಂದರೆ ಒಂದು ಅಂಕಿ ಏನನ್ನೂ ಹೇಳದು, ಐದು ಅಂಕಿಗಳ ನಡಿಗೆ ಹೇಳುತ್ತದೆ. ಅಳೆಯುವ ಮುನ್ನ ಐದು ನಿಮಿಷ ಕೂರಿಸಿ, ಎರಡು ಸಲ ಅಳೆಯುವ ನಿಯಮ ನಿಮ್ಮ ಕೈಪಿಡಿಗಳಲ್ಲಿ ಈಗಾಗಲೇ ಇದೆ. ಶಿಬಿರದ ನೂಕುನುಗ್ಗಲಿನಲ್ಲಿ ಅದು ನಡೆಯುವಂತೆ ಕುರ್ಚಿಗಳನ್ನೂ ಸಿಬ್ಬಂದಿಯನ್ನೂ ಕೊಡಿ. ಇನ್ನೊಂದು ಅಂಕಣ ಬೇಕು, ಅದನ್ನು ಕೇಳಲು ನನಗೆ ಸಂಕೋಚವಿಲ್ಲ: ಈ ವ್ಯಕ್ತಿಯ ಕೆಲಸ ಏನು, ರಾತ್ರಿ ಪಾಳಿಯೇ, ಕೆಲಸದ ಜಾಗದಲ್ಲಿ ಕುಡಿಯುವ ನೀರು, ಶೌಚಾಲಯ ಇದೆಯೇ, ನಿದ್ದೆ ಎಷ್ಟು. ಒಂದೇ ಕಾರ್ಖಾನೆಯ, ಒಂದೇ ಬಡಾವಣೆಯ ಚೀಟಿಗಳನ್ನು ಒಟ್ಟಿಗೆ ಓದಿದಾಗ ಒಂದೇ ಹೊರೆ ಕಂಡುಬಂದರೆ ಆ ಪಟ್ಟಿ ಕಾರ್ಮಿಕ ಇಲಾಖೆಯ, ಪಂಚಾಯಿತಿಯ ಮೇಜಿಗೆ ಹೋಗಲಿ. ಕಾಂಗ್ರಾದಲ್ಲಿ ಉತ್ತರ ಕುತ್ತಿಗೆಯಲ್ಲಿರಲಿಲ್ಲ ಎಂಬುದನ್ನು ನಮ್ಮ ದೇಶವೇ ಕಂಡುಕೊಂಡಿದೆ.

ಪಠ್ಯಪುಸ್ತಕ ರೂಪಿಸುವವರ ಕೈಗೂ ಈ ಪತ್ರ ತಲುಪಿದರೆ ಸಂತೋಷ. ಹತ್ತನೆಯ ತರಗತಿಯ ವಿಜ್ಞಾನದಲ್ಲಿ ಇನ್ಸುಲಿನ್ನಿನ ಉದಾಹರಣೆಯೊಂದಿಗೆ ಹಿಮ್ಮಾಹಿತಿ ಕೆಲವೇ ಸಾಲುಗಳಲ್ಲಿ ಬಂದು ಹೋಗುತ್ತದೆ. ಅಜ್ಜಿಯ ಮಾತ್ರೆ ಡಬ್ಬಿಯನ್ನೂ ಅಜ್ಜನ ಬಿಪಿ ಚೀಟಿಯನ್ನೂ ಆ ಪಾಠದೊಳಗೆ ತನ್ನಿ. ಮನೆಯಲ್ಲಿ ಆ ಚೀಟಿಯನ್ನು ಓದಿ ಹೇಳುವುದು ಬಹಳ ಸಲ ಅದೇ ಮಗು.

ಕ್ಯಾನನ್ 1932ರಲ್ಲಿ, ಅಮೆರಿಕ ಆರ್ಥಿಕ ಕುಸಿತದಲ್ಲಿ ನಲುಗುತ್ತಿದ್ದಾಗ ಬರೆದ ತನ್ನ ಪುಸ್ತಕದ ಕೊನೆಯಲ್ಲಿ ಸಮಾಜದ ಕಡೆಗೆ ತಿರುಗಿದ. ಜೀವಕೋಶಗಳಿಗೆ ಅನ್ನ, ನೀರು, ಬೆಚ್ಚನೆ ನಿಶ್ಚಿತವಾಗಿ ಸಿಗುವಂತೆ ದೇಹ ನೋಡಿಕೊಳ್ಳುವ ಹಾಗೆಯೇ, ದುಡಿಯುವ ಜನರಿಗೆ ಅವು ನಿಶ್ಚಿತವಾಗಿ ಸಿಗುವಂತೆ ಸಮಾಜವೂ ನೋಡಿಕೊಳ್ಳಲಾರದೇ ಎಂದು ಅವನು ಯೋಚಿಸಿದ. ಸಮಾಜವನ್ನು ದೇಹಕ್ಕೆ ಹೋಲಿಸುವುದರಲ್ಲಿ ಅಪಾಯವೂ ಇದೆ. ಪ್ರತಿಭಟಿಸುವವರನ್ನು ರೋಗವೆಂದು ಕರೆಯಲು ಆ ಹೋಲಿಕೆಯನ್ನು ಬಳಸುವುದು ಸುಲಭ, ಅದನ್ನು ನಾನು ಒಪ್ಪುವುದಿಲ್ಲ. ಆದರೆ ನಿಶ್ಚಿತತೆಯ ಬಗ್ಗೆ ಅವನು ಎತ್ತಿದ ಪ್ರಶ್ನೆಯನ್ನು ಒಂದು ಆರೋಗ್ಯ ಇಲಾಖೆ ತನ್ನದೆಂದು ತಿಳಿಯಬೇಕು.

ಅಕ್ಕ ಈಗ ದಿನವೂ ಭಾವನವರ ಒತ್ತಡವನ್ನು ತಾನೇ ಅಳೆದು, ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದಿಡುತ್ತಾಳೆ. ಅಂಕಿಯ ಮುಂದೆ ಮಾತ್ರೆ ಕೊಟ್ಟ ಹೊತ್ತು, ರಾತ್ರಿ ಎಷ್ಟು ನಿದ್ದೆ, ಅಂದು ಯಾರ ಜೊತೆ ಮಾತಾಡಲು ಪ್ರಯತ್ನಿಸಿದರು, ಎಲ್ಲವೂ ಇರುತ್ತದೆ. ಏಳನೆಯ ತರಗತಿಯವರೆಗೆ ಓದಿದವಳು.

ಆ ಹಳೆಯ ಚೀಟಿಯ ಪ್ರತಿಯನ್ನು, ಹೆಸರನ್ನು ಮುಚ್ಚಿ, ಈ ಪತ್ರದೊಂದಿಗೆ ಇಲಾಖೆಗೆ ಕಳುಹಿಸುತ್ತಿದ್ದೇನೆ. ‘ನಾರ್ಮಲ್’ ಎಂಬ ಪದದ ಕೆಳಗೆ ಎರಡು ಬೆರಳಗಲ ಖಾಲಿ ಜಾಗವಿದೆ. ‘ಮಾತ್ರೆಯ ಆಧಾರದಲ್ಲಿ’ ಎಂದು ಬರೆಯಲು ಅಷ್ಟು ಸಾಕು.

ಇಂತಿ ನಮಸ್ಕಾರಗಳೊಂದಿಗೆ,
ನಿವೃತ್ತ ಜೀವವಿಜ್ಞಾನ ಉಪನ್ಯಾಸಕಿ